ಶ್ರವಣದೋಷ ಮತ್ತು ಗುರಿಯ ಸಾಧನೆ

ವಿಜಯಪುರದ ಕೋಟೆಯ ಪಶ್ಚಿಮ ಭಾಗದಲ್ಲಿರುವ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ ಈ ತೋಪಿನ ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ತೋಪಿಗೆ ಕಿಚ್ಚಿಟ್ಟ ಗೋಲಂದಾಜನು ಅದರ ಭೀಕರ ಸಪ್ಪಳದಿಂದ ಕಿವಿಗಳನ್ನು ಉಳಿಸಿಕೊಳ್ಳಲು ಬದಿಯ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಜನರು ಹೇಳುತ್ತ ಬಂದಿದ್ದಾರೆ. ಈ ಮಾತಿನಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂಬ ಚರ್ಚೆ ಹಾಗಿರಲಿ. ಮದ್ದಿನ ಸಪ್ಪಳವು ಕಿವಿಗೆ ವೈರಿಯೆಂಬ ತಿಳಿವಳಿಕೆ ಹಿಂದಿನವರಿಗೂ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದು ಬಂದೂಕು ಯುದ್ಧಭೂಮಿಯ ಆಯುಧ ಮಾತ್ರವಾಗಿ ಉಳಿದಿಲ್ಲ. ಅದು ಕ್ರೀಡೆಯ ಸಾಧನವೂ ಆಗಿದೆ. ಎನ್.ಸಿ.ಸಿ.ಯ ವಿದ್ಯಾರ್ಥಿಗಳು .22 ರೈಫಲಿನಿಂದ ಗುರಿಯ ಅಭ್ಯಾಸ ಮಾಡುತ್ತಾರೆ. ಆದುದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಗುರಿಕಾರನು ತನ್ನ ಶ್ರವಣಶಕ್ತಿಯನ್ನು ಕಾಪಾಡಿಕೊಳ್ಳುವುದು ಹೇಗೆ? ಈಗಾಗಲೇ ಅದನ್ನು ಕಳೆದುಕೊಂಡವನು ಈ ಕ್ರೀಡೆಯಲ್ಲಿ ಮುಂದುವರಿಯಬಲ್ಲನೆ?

ಕಿವಿಯ ರಚನೆ ಮತ್ತು ಸದ್ದಿನ ಪೆಟ್ಟು

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಅಂಗವಿದೆ. ಅದರಲ್ಲಿರುವ ಸೂಕ್ಷ್ಮವಾದ ರೋಮಕೋಶಗಳು ಸದ್ದಿನ ಕಂಪನಗಳನ್ನು ನರದ ಸಂದೇಶಗಳನ್ನಾಗಿ ಮಾರ್ಪಡಿಸುತ್ತವೆ. ಮನುಷ್ಯನಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಿಳಿಜೋಳದ ತೆನೆಗಳು ಆಲಿಕಲ್ಲಿನ ಹೊಡೆತಕ್ಕೆ ನೆಲಕಚ್ಚುವಂತೆ ಇವೂ ಅತಿಯಾದ ಸದ್ದಿಗೆ ಬಾಗಿ ಮುರಿಯುತ್ತವೆ.

ಸದ್ದಿನ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಮಾನದಲ್ಲಿ ಪ್ರತಿ 10 ಹೆಚ್ಚಿದಂತೆ ಸದ್ದಿನ ತೀವ್ರತೆಯು 10 ಪಟ್ಟು ಹೆಚ್ಚುತ್ತದೆ. ಸಾಧಾರಣ ಸಂಭಾಷಣೆಯು 60 ಡೆಸಿಬೆಲ್ ಆಗಿದ್ದರೆ, .22 ರೈಫಲಿನ ಸಿಡಿತವು ಸುಮಾರು 140ರ ಹತ್ತಿರ ಮುಟ್ಟುತ್ತದೆ. ದೊಡ್ಡ ಬಂದೂಕುಗಳದು 150ನ್ನೂ ಮೀರುತ್ತದೆ. 60ಕ್ಕೂ 140ಕ್ಕೂ ಇರುವ ಅಂತರವು ತೀವ್ರತೆಯ ಲೆಕ್ಕದಲ್ಲಿ 10 ಕೋಟಿ ಪಟ್ಟು. ಆದ್ದರಿಂದ ಅಸುರಕ್ಷಿತವಾದ ಒಂದೇ ಒಂದು ಸಿಡಿತವೂ ಶಾಶ್ವತ ಹಾನಿಗೆ ಕಾರಣವಾಗಬಲ್ಲದು. ಗಾಳಿಯ ಒತ್ತಡದಿಂದ ಹಾರುವ ಏರ್ ರೈಫಲಿನ ಸದ್ದು ಇದಕ್ಕಿಂತ ಬಹಳ ಕಡಿಮೆ. ಎಳೆಯರ ಕಲಿಕೆಗೆ ಅದು ಯೋಗ್ಯವಾದುದು.

ಬಲಭುಜಕ್ಕೆ ಬಂದೂಕು ಆನಿಸುವವನ ಎಡಗಿವಿಯು ನಳಿಕೆಯ ಬಾಯಿಗೆ ಹೆಚ್ಚು ಎದುರಾಗಿರುತ್ತದೆ. ಬಲಗಿವಿಗೆ ತಲೆಯ ಮರೆ ದೊರೆಯುತ್ತದೆ. ಆದ ಕಾರಣ ಎಡಗಿವಿಗೇ ಸಾಮಾನ್ಯವಾಗಿ ಹೆಚ್ಚು ಪೆಟ್ಟು. ಈ ಹಾನಿಯು ಮೊದಲು ಎತ್ತರದ ಸ್ವರಗಳನ್ನು ಕಸಿದುಕೊಳ್ಳುತ್ತದೆ. ಸಕಾರ, ಶಕಾರಗಳು ಮಸುಕಾಗುತ್ತವೆ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಕಿವಿಯಲ್ಲಿ ‘ಗುಂಯ್’ ಎನ್ನುವ ಸದ್ದು ನಿಲ್ಲದೆ ಮೊಳಗುವುದೂ ಉಂಟು.

ರಕ್ಷಣೆಯ ಮಾರ್ಗ

ಅರಳೆಯನ್ನು ತುರುಕಿಕೊಂಡರೆ ಸಾಲದು. ಮೆದುವಾದ ಬಿರಡೆಯನ್ನು ಬೆರಳುಗಳಿಂದ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಸೇರಿಸಿ, ಅದು ಅರಳುವವರೆಗೆ ಹಿಡಿದಿರಬೇಕು. ಅದರ ಮೇಲೆ ಕಿವಿಮುಚ್ಚುಗೆಯನ್ನೂ ಧರಿಸಿದರೆ ರಕ್ಷಣೆ ಇನ್ನಷ್ಟು ಹೆಚ್ಚುತ್ತದೆ. ಗುಂಡು ಹಾರಿಸುವವನಷ್ಟೇ ಅಲ್ಲ, ಪಕ್ಕದಲ್ಲಿ ಸರದಿಗಾಗಿ ಕಾಯುವವನೂ ಇವನ್ನು ಧರಿಸತಕ್ಕದ್ದು. ಶ್ರವಣಯಂತ್ರವನ್ನು ಆರಿಸಿ ಕಿವಿಯಲ್ಲಿ ಬಿಟ್ಟುಕೊಂಡರೆ ಅದೇ ರಕ್ಷಣೆಯಾಗುತ್ತದೆಂಬುದು ತಪ್ಪು ತಿಳಿವಳಿಕೆ.

ಅಭ್ಯಾಸದ ಬಳಿಕ ಕಿವಿ ಮಂದವಾದರೆ ಬಿಸಿ ಎಣ್ಣೆ ಹಾಕಿ ಕಾಯುತ್ತ ಕೂಡುವುದು ಸರಿಯಲ್ಲ. ಎಣ್ಣೆಯು ರೋಮಕೋಶಗಳನ್ನು ತಲುಪಲಾರದು. ತಡಮಾಡದೆ ಕಿವಿಯ ವೈದ್ಯರನ್ನು ಕಾಣಬೇಕು. ಟಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಹಕ್ಕಿಗಳನ್ನು ಬೆದರಿಸಲು ಪಟಾಕಿ ಹಾರಿಸುವವರಿಗೂ, ಜಾತ್ರೆಯಲ್ಲಿ ಮದ್ದು ಸುಡುವವರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಕೇಳದ ಕಿವಿ, ತಪ್ಪದ ಗುರಿ

ಎರಡನೆಯ ಪ್ರಶ್ನೆಗೆ ಸಾಧಕರೇ ಉತ್ತರ ಕೊಟ್ಟಿದ್ದಾರೆ. ಶ್ರವಣದೋಷವುಳ್ಳವರ ಅಂತರರಾಷ್ಟ್ರೀಯ ಕ್ರೀಡಾಕೂಟವು 1924ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲಾಯಿತು; ಇಂದು ಅದಕ್ಕೆ ಡೆಫ್ಲಿಂಪಿಕ್ಸ್ ಎಂದು ಹೆಸರು. ಉತ್ತಮವಾದ ಕಿವಿಯಲ್ಲಿಯೂ ಕನಿಷ್ಠ 55 ಡೆಸಿಬೆಲ್ ಶ್ರವಣನಷ್ಟವಿರುವವರು ಮಾತ್ರ ಅದರಲ್ಲಿ ಭಾಗವಹಿಸಬಹುದು. ಸ್ಪರ್ಧೆಯ ವೇಳೆ ಶ್ರವಣಯಂತ್ರಗಳನ್ನು ತೆಗೆದಿಡಬೇಕೆಂಬುದು ನಿಯಮ.

2022ರ ಮೇ ತಿಂಗಳಲ್ಲಿ ಬ್ರೆಜಿಲಿನ ಕಾಶಿಯಸ್ ದೊ ಸುಲ್ ನಗರದಲ್ಲಿ ನಡೆದ ಕೂಟದಲ್ಲಿ ಹೈದರಾಬಾದಿನ ಧನುಷ್ ಶ್ರೀಕಾಂತ್ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನವನ್ನು ಗೆದ್ದರು. ಪುಣೆಯ ಪ್ರಿಯೇಶಾ ದೇಶಮುಖ್ ಅವರೊಡಗೂಡಿ ಮಿಶ್ರ ಜೋಡಿಯ ಚಿನ್ನವನ್ನೂ ಪಡೆದರು. ಏರ್ ಪಿಸ್ತೂಲಿನಲ್ಲಿ ಅಭಿನವ್ ದೇಶವಾಲ್ ಚಿನ್ನ ಗಳಿಸಿದರು. 2025ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಧನುಷ್ ಮತ್ತೆ ವೈಯಕ್ತಿಕ ಚಿನ್ನವನ್ನು ತಮ್ಮದಾಗಿಸಿಕೊಂಡರು. ಶ್ರವಣದೋಷವಿಲ್ಲದವರೊಡನೆಯೂ ಅವರು ಸಮನಾಗಿ ಸೆಣಸಿದವರು: 2021ರಲ್ಲಿ ಲಿಮಾ ನಗರದ ಜೂನಿಯರ್ ವಿಶ್ವ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು, 2023ರಲ್ಲಿ ಜರ್ಮನಿಯ ಸೂಲ್ ನಗರದ ಜೂನಿಯರ್ ವಿಶ್ವಕಪ್ಪಿನಲ್ಲಿ ವೈಯಕ್ತಿಕ ಚಿನ್ನ ಗಳಿಸಿದರು. 10 ಮೀಟರ್ ದೂರದ ಗುರಿಹಲಗೆಯ ನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ ಎಂಬುದನ್ನು ನೆನೆದರೆ ಈ ಸಾಧನೆಯ ಬೆಲೆ ತಿಳಿದೀತು.

ಕಿವಿ ಕೇಳದವನಿಗೆ ಏಕಾಗ್ರತೆಯು ತಾನಾಗಿಯೇ ಒದಗುತ್ತದೆಂದು ಭಾವಿಸುವುದು ಸರಿಯಲ್ಲ. ದೇಹದ ಸಮತೋಲನವನ್ನು ಅರಿಯುವ ಅಂಗವೂ ಒಳಗಿವಿಯಲ್ಲಿಯೇ ಇದೆ. ಶ್ರವಣದೋಷವುಳ್ಳ ಕೆಲವರಲ್ಲಿ ಅದೂ ದುರ್ಬಲವಾಗಿರುವುದರಿಂದ ನಿಂತು ಗುರಿಯಿಡುವುದು ಕಠಿನವಾಗುತ್ತದೆ. ಅಂಥವರು ಪಾದಗಳ ನೆಲೆಯನ್ನೂ ಸ್ನಾಯುಗಳ ಹಿಡಿತವನ್ನೂ ನಿತ್ಯದ ಅಭ್ಯಾಸದಿಂದ ಸಾಧಿಸಬೇಕಾಗುತ್ತದೆ.

‘ತುಂಬಿರಿ’, ‘ಆರಂಭಿಸಿರಿ’, ‘ನಿಲ್ಲಿಸಿರಿ’ ಎಂಬ ಆಜ್ಞೆಗಳನ್ನು ಕಣ್ಣಿಗೆ ಕಾಣಿಸುವುದು ಇನ್ನೊಂದು ಅಗತ್ಯ. ಬಣ್ಣದ ದೀಪಗಳು, ಪರದೆಯ ಮೇಲಿನ ಗಡಿಯಾರ, ಶಿಕ್ಷಕರ ಕೈಸನ್ನೆ—ಇವು ಕಿವಿಯ ಕೆಲಸವನ್ನು ಮಾಡುತ್ತವೆ. ‘ನಿಲ್ಲಿಸಿರಿ’ ಎಂಬ ಆಜ್ಞೆ ತಿಳಿಯದೆ ಹೋದರೆ ಪ್ರಾಣಾಪಾಯವೇ ಒದಗೀತು. ಆದ್ದರಿಂದ ಅಭ್ಯಾಸಕ್ಕೆ ಮೊದಲೇ ಸನ್ನೆಗಳನ್ನು ಗೊತ್ತುಪಡಿಸಿ, ಎಲ್ಲರಿಗೂ ತಿಳಿಸಿ, ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದು. ತನಗೆ ಮಂದವಾಗಿ ಕೇಳಿಸುತ್ತದೆಂಬುದನ್ನು ಮುಚ್ಚಿಡುವ ಗುರಿಕಾರನು ತನಗೂ ಬದಿಯವನಿಗೂ ಕೇಡನ್ನು ತಂದುಕೊಳ್ಳುತ್ತಾನೆ.

ಮುಚ್ಚಿಡುವುದಕ್ಕೆ ಕಾರಣ ಅಂಜಿಕೆ. ಅಂಜಿಕೆಗೆ ಕಾರಣ ಸುತ್ತಲಿನವರ ನಗೆ. ತರಗತಿಯಲ್ಲಿ ಒಬ್ಬನನ್ನು ‘ಕೆಪ್ಪ’ ಎಂದು ಅಣಕಿಸಿದಾಗ ಅವನು ಕೇಳಿಸದಿದ್ದರೂ ಕೇಳಿಸಿದವನಂತೆ ತಲೆಯಾಡಿಸಲು ಕಲಿಯುತ್ತಾನೆ. ಆ ಅಭ್ಯಾಸವು ಪಾಠದಲ್ಲಿ ಅಂಕಗಳನ್ನು ಕಳೆದರೆ, ಗುರಿಯ ಮೈದಾನದಲ್ಲಿ ಜೀವವನ್ನೇ ಕಳೆಯಬಹುದು. ಅಂಥ ಬಾಲಕನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಮುಖಕ್ಕೆ ಮುಖ ಕೊಟ್ಟು ಮಾತನಾಡಿ, ಶ್ರವಣಪರೀಕ್ಷೆಗೆ ಕಳುಹಿಸುವುದು ಗುರುಗಳ ಮತ್ತು ಪಾಲಕರ ಕರ್ತವ್ಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಪರೀಕ್ಷೆ ಮತ್ತು ಚಿಕಿತ್ಸೆಗಾಗಿಯೇ ಇದೆ. ಜಿಲ್ಲಾ ಆಸ್ಪತ್ರೆಯ ಕಿವಿಯ ವೈದ್ಯರಲ್ಲಿ ಮೊದಲು ವಿಚಾರಿಸಬಹುದು.

ಇರುವ ಶ್ರವಣಶಕ್ತಿಯನ್ನು ಜತನದಿಂದ ಕಾಯುವುದು ವಿವೇಕ. ಇಲ್ಲದುದನ್ನು ಒಪ್ಪಿಕೊಂಡು ಬೇರೆ ದಾರಿಯನ್ನು ಕಂಡುಕೊಳ್ಳುವುದು ಧೈರ್ಯ. ಗುರಿಕಾರನಾಗಬಯಸುವ ವಿದ್ಯಾರ್ಥಿಗೆ ಈ ಎರಡೂ ಅವಶ್ಯಕ. ಹೊಲದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ಹುಡುಗನ ಕಣ್ಣು ಕೈಗಳಲ್ಲಿಯೂ ಗುರಿಯ ವಿದ್ಯೆ ಅಡಗಿರಬಹುದು. ಅವನಿಗೆ ಕಿವಿ ಕೇಳಿಸದೆಂಬ ಒಂದೇ ಕಾರಣಕ್ಕೆ ಆ ವಿದ್ಯೆಯನ್ನು ಹೊಲದ ಬದುವಿನಲ್ಲಿಯೇ ಬಿಟ್ಟುಬಿಡಲಾಗದು.