ಬಿಸಿಯಾದೊಡನೆ ನಿಲ್ಲುವ ಎಂಜಿನ್ನು

ಕಳಸದ ಸಮೀಪದ ಸಂಸೆಯ ಕಡೆಯಿಂದ, ಕುದುರೆಮುಖ ಶಿಖರದ ತಪ್ಪಲಿನ ಮುಳ್ಳೋಡಿಗೆ ಹೋಗುವ ದಾರಿ ಕಡಿದಾದುದು, ಜೀಪಿಗೇ ತಕ್ಕುದು. ಕಾರ್ಬ್ಯುರೇಟರ್ ಉಳ್ಳ ಹಳೆಯ ಪೆಟ್ರೋಲ್ ಜೀಪೊಂದು ಇಂತಹ ಏರನ್ನು ಹತ್ತುತ್ತಿದೆಯೆಂದು ಭಾವಿಸೋಣ. ಬೆಳಗಿನ ಚಳಿಯಲ್ಲಿ ಅದು ಸಲೀಸಾಗಿ ಹೊರಟಿತು. ಅರ್ಧ ಗಂಟೆಯ ಮೇಲೆ ಎರಡು ಬಾರಿ ಮುಗ್ಗರಿಸಿ ನಿಂತಿತು. ಇಪ್ಪತ್ತು ನಿಮಿಷ ತಣಿದ ಬಳಿಕ ಏನೂ ಆಗದಂತೆ ಮತ್ತೆ ಹೊರಟು, ಸ್ವಲ್ಪ ದೂರದಲ್ಲಿ ಪುನಃ ನಿಂತಿತು. ಇದಕ್ಕೆ ಕಾರಣವೇನು?

ತಣಿದ ವಾಹನವನ್ನು ರಿಪೇರಿಗೆ ಒಯ್ದರೆ ದೋಷವೇ ಕಾಣದು. ಆದುದರಿಂದ ಪರೀಕ್ಷೆಯು ದೋಷವಿರುವಾಗಲೇ, ಅಂದರೆ ಎಂಜಿನ್ನು ನಿಂತ ಸ್ಥಳದಲ್ಲಿಯೇ ನಡೆಯಬೇಕು. ಮೊದಲು ಕೈಬ್ರೇಕನ್ನು ಎಳೆದು, ಚಕ್ರಗಳ ಹಿಂದೆ ಕಲ್ಲಿಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಸುಟ್ಟೀತು.

ಎಂಜಿನ್ನು ನಡೆಯಲು ಮುಖ್ಯವಾಗಿ ಮೂರು ಬೇಕು: ಇಂಧನ ಮತ್ತು ಗಾಳಿಯ ಮಿಶ್ರಣ, ಅದರ ಸಂಪೀಡನ, ಸಕಾಲದಲ್ಲಿ ಕಿಡಿ. ಸವೆದ ಸಿಲಿಂಡರು ಇಪ್ಪತ್ತು ನಿಮಿಷದಲ್ಲಿ ಹೊಸದಾಗುವುದಿಲ್ಲವಾದ್ದರಿಂದ, ನಮ್ಮ ಸಂದೇಹವು ಮೊದಲು ಕಿಡಿ ಮತ್ತು ಇಂಧನಗಳ ಮೇಲೆ ಬೀಳುತ್ತದೆ.

ಕಿಡಿಯನ್ನು ಪರೀಕ್ಷಿಸುವ ಮುನ್ನ ಪೆಟ್ರೋಲು ಸೋರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಕೆಲಸವು ಅನುಭವಿಯ ಕೈಯಲ್ಲೇ ಆಗಬೇಕು. ಪ್ಲಗ್ಗಿನ ತಂತಿಯನ್ನು ಬಿಡಿಸಿ, ಬೇರೊಂದು ಪ್ಲಗ್ಗಿಗೆ ಜೋಡಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಎಂಜಿನ್ನನ್ನು ತಿರುಗಿಸಿದರೆ ಬಲವಾದ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರಿನ ಮೇಲೆ ಸಂಶಯಪಡಬಹುದು. ಕಾಯಿಲಿನೊಳಗೆ ಬಿರುಕುಬಿಟ್ಟ ತಂತಿಯಿದ್ದರೆ, ಶಾಖದಿಂದ ಭಾಗಗಳು ಹಿಗ್ಗಿದಾಗ ಬಿರುಕು ಅಗಲವಾಗಬಹುದು. ತಣಿದಾಗ ತುದಿಗಳು ಮತ್ತೆ ಕೂಡುತ್ತವೆ. ಸರಿಯಾದುದೆಂದು ತಿಳಿದಿರುವ ಬೇರೊಂದನ್ನು ಅಳವಡಿಸಿ ನೋಡುವುದೇ ಇದಕ್ಕೆ ನೇರವಾದ ಪರೀಕ್ಷೆ.

ಕಿಡಿ ಚೆನ್ನಾಗಿದ್ದರೆ ಇಂಧನದ ಕಡೆ ತಿರುಗೋಣ. ಪೆಟ್ರೋಲು ಅನೇಕ ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು ಸುಮಾರು 35 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯತೊಡಗುತ್ತವೆ. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗಿ ಕುದಿಬಿಂದು ಇನ್ನಷ್ಟು ಇಳಿಯುತ್ತದೆ. 1,000 ಮೀಟರ್ ಎತ್ತರದಲ್ಲಿ ನೀರೇ ಸುಮಾರು 97 ಡಿಗ್ರಿಯಲ್ಲಿ ಕುದಿಯುವುದಷ್ಟೆ. ಏರುದಾರಿಯಲ್ಲಿ ಎಂಜಿನ್ನಿನ ದುಡಿಮೆ ಹೆಚ್ಚು, ವಾಹನದ ವೇಗ ಕಡಿಮೆ; ತಂಪುಗಾಳಿಯೂ ಕಡಿಮೆ. ಪೆಟ್ರೋಲು ಪಂಪಿನಲ್ಲಿ ಆವಿಯಾದರೆ, ಪಂಪು ದ್ರವವನ್ನು ನೂಕುವ ಬದಲು ಗುಳ್ಳೆಗಳನ್ನು ಅಮುಕಿ ಬಿಡುತ್ತಿರುತ್ತದೆ. ಇದೇ ಆವಿಯ ತಡೆ. ಪಂಪು ಮತ್ತು ಕೊಳವೆಗಳ ಮೇಲೆ ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೆ ಎಂಜಿನ್ನು ಹೊರಟರೆ ಈ ಊಹೆಗೆ ಬಲ ಬಂದಂತೆ. ಕೊಳವೆಯನ್ನು ಬಿಸಿ ಹೊಗೆನಳಿಗೆಯಿಂದ ದೂರ ಸರಿಸುವುದು, ನಡುವೆ ತಗಡಿನ ಮರೆ ಕಟ್ಟುವುದು ಇದರ ಪರಿಹಾರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಮುಚ್ಚಿದ್ದರೂ ಲಕ್ಷಣಗಳು ಹೀಗೆಯೇ ಇರುತ್ತವೆ. ಪೆಟ್ರೋಲು ಖರ್ಚಾದಂತೆ ಟ್ಯಾಂಕಿನೊಳಗೆ ಒತ್ತಡ ಕುಗ್ಗಿ, ಪಂಪಿಗೆ ಇಂಧನ ಬಾರದು. ನಿಂತಿರುವಾಗ ಗಾಳಿ ಮೆಲ್ಲನೆ ನುಸುಳಿ ಎಲ್ಲವೂ ಸರಿಹೋದಂತೆ ತೋರುತ್ತದೆ. ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳನುಗ್ಗಿ, ಎಂಜಿನ್ನೂ ಬೇಗನೆ ಹೊರಟರೆ ಅಪರಾಧಿ ಶಾಖವಲ್ಲ, ರಂಧ್ರ. ಜೊತೆಯಲ್ಲಿ ಕಂಡುದೆಲ್ಲವೂ ಕಾರಣವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಸಾಮಾನ್ಯವಾಗಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಇಂಧನವನ್ನು ಒತ್ತಡದಲ್ಲಿ ಕಳುಹಿಸುವುದರಿಂದ ಆವಿಯ ತಡೆ ವಿರಳ. ಅವುಗಳಲ್ಲಿ ಬಿಸಿಯಾದಾಗ ಕೈಕೊಡುವ ಸಾಮಾನ್ಯ ಭಾಗವೆಂದರೆ ಕ್ರ್ಯಾಂಕಿನ ಸ್ಥಾನವನ್ನು ತಿಳಿಸುವ ಸೆನ್ಸರ್. ಅಲ್ಲಿ ತಂತಿ ಬಿಡಿಸಿ ಕಿಡಿ ನೋಡುವುದು ಸಲ್ಲದು. ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಕೇತವನ್ನು ಉಪಕರಣದಿಂದ ಓದಬೇಕು.

ಉಪಕರಣ ಬದಲಾದರೂ ಕ್ರಮ ಬದಲಾಗದು: ಒಮ್ಮೆಗೆ ಒಂದೇ ಸಂಗತಿಯನ್ನು ಬದಲಿಸಿ, ಫಲವನ್ನು ನೋಡಿ, ಅನಂತರ ತೀರ್ಮಾನಿಸಬೇಕು. ಮಳೆಗಾಲದ ರಾತ್ರಿ ರೋಗಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯಬೇಕಾದ ಜೀಪು ಇದೇ ಆಗಿರಬಹುದು. ಆಗ ಊಹೆಯ ಮೇಲೆ ಭಾಗಗಳನ್ನು ಬದಲಿಸಿದ ಜೀಪಿಗಿಂತ, ಕಾರಣವನ್ನು ತಿಳಿದು ಸರಿಪಡಿಸಿದ ಜೀಪನ್ನು ನಂಬುವುದು ಮೇಲು.