ಮುಗಿಲು ನೋಡಬೇಡಿ, ಗೇಟಿನ ಸುದ್ದಿ ಕೇಳಿ

ನಮ್ಮ ಹೊಲಕ್ಕೆ ಒಂದು ಹನಿ ಬೀಳದಿದ್ದರೂ ಕೃಷ್ಣಾ ಹೊಳೆ ತುಂಬಿ ಬರುತ್ತದೆ. ರಾಯಚೂರು ಜಿಲ್ಲೆಯ ದೇವದುರ್ಗದವರಿಗೆ ಇದು ಹೊಸದಲ್ಲ. ಮಳೆ ಸುರಿಯುವುದು ಮಹಾರಾಷ್ಟ್ರದ ಘಟ್ಟದಲ್ಲಿ. ಆಲಮಟ್ಟಿ ಜಲಾಶಯ ತುಂಬಿ ನಾರಾಯಣಪುರ ಅಣೆಕಟ್ಟಿನ ಗೇಟು ಎತ್ತಿದರೆ ಮುಳುಗುವುದು ನಮ್ಮ ಹೂವಿನಹೆಡಗಿ ಸೇತುವೆ. 2019ರ ಆಗಸ್ಟಿನಲ್ಲಿ ಆದದ್ದೂ ಅದೇ. ಹಾಗಾಗಿ ಎಷ್ಟು ಕ್ಯೂಸೆಕ್ ಬಿಟ್ಟರು ಎಂದು ದಿನಾ ವಿಚಾರಿಸಿ. ಮಾನ್ವಿ ಕಡೆಯವರು ತುಂಗಭದ್ರಾ ಜಲಾಶಯದ ಸುದ್ದಿಗೆ ಕಿವಿಗೊಡಿ.

ಡಂಗುರ ಸಾರಿದ ಮೇಲೂ ಪಂಪ್‌ಸೆಟ್ ತರಲು ಹೊಳೆಗಿಳಿಯುವ ಧೈರ್ಯವಂತರಿದ್ದಾರೆ. ಬೇಡಪ್ಪಾ, ಮೋಟಾರು ಮತ್ತೆ ಕೊಳ್ಳಬಹುದು. ಕೃಷ್ಣೆಯಲ್ಲಿ ಸೆಳೆತದ ಜೊತೆ ಮೊಸಳೆಯೂ ಇದೆ. ಮೊದಲು ದನಗಳ ಕಣ್ಣಿ ಬಿಚ್ಚಿ. ಆಧಾರ್, ಪಹಣಿ, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಕುರ್ವಕುರ್ದಾದಂಥ ನಡುಗಡ್ಡೆಯವರು ತುಂಬು ಗರ್ಭಿಣಿಯರನ್ನು, ದಿನವೂ ಮಾತ್ರೆ ನುಂಗುವ ಹಿರಿಯರನ್ನು ನೀರು ಏರುವ ಮುಂಚೆಯೇ ದಾಟಿಸಿಬಿಡಿ.

2009ರ ಸೆಪ್ಟೆಂಬರ್ ಕೊನೆಯ ಜಡಿಮಳೆ ಬೇರೆಯೇ ಪಾಠ ಕಲಿಸಿತು. ಆಗ ಹೊಳೆಯಿಂದ ದೂರವಿದ್ದ ಮಣ್ಣಿನ ಮನೆಗಳೂ ನೆನೆದು ಕುಸಿದವು. ಮಾಳಿಗೆ ತೊಟ್ಟಿಕ್ಕಿದರೆ, ಗೋಡೆ ಉಬ್ಬಿದರೆ ಆ ರಾತ್ರಿ ಶಾಲೆಯಲ್ಲೋ ಗುಡಿಯಲ್ಲೋ ಮಲಗಿ, ನಾಚಿಕೆ ಏನಿದೆ?

ಇನ್ನು ಬೇಸಿಗೆ. ನಮ್ಮಲ್ಲಿ ಕಾಡಿಗಿಂತ ಬಣವೆಗೇ ಬೆಂಕಿ ಹೆಚ್ಚು. ಕರೆಂಟ್ ತಂತಿಯ ಕೆಳಗೆ ಮೇವು ಒಟ್ಟಬೇಡಿ, ಎಲ್ಲವನ್ನೂ ಒಂದೇ ಕಡೆ ಒಟ್ಟಬೇಡಿ. ರಾಯಚೂರಿನ ಬಿಸಿಲಲ್ಲಿ ಗಾಳಿ ಎದ್ದಾಗ ಹತ್ತಿಕಟ್ಟಿಗೆಗೆ ಕಡ್ಡಿ ಗೀರಿದರೆ ಪಕ್ಕದವರ ಹೊಲವೂ ಹೋದಂತೆ. ಬೆಂಕಿ ಕಂಡೊಡನೆ 112ಕ್ಕೆ ಫೋನ್ ಮಾಡಿ, ವಿಡಿಯೋ ಆಮೇಲೆ.