ಟ್ರಾಕ್ಟರು ಮತ್ತು ಟ್ರೈಲರುಗಳಿಗೆ ತಕ್ಕ ವಿದ್ಯುತ್ತಂತಿಯ ಆಯ್ಕೆ

ಎತ್ತಿನ ಗಾಡಿಗಳು ರಾತ್ರಿಯ ಹೊತ್ತು ಪ್ರಯಾಣ ಮಾಡುತ್ತಿದ್ದ ಕಾಲದಲ್ಲಿ ಗಾಡಿಯ ಕೆಳಗೆ ತೂಗುಹಾಕಿದ ಒಂದು ಲಾಂದ್ರವೇ ಹಿಂದಿನಿಂದ ಬರುವವರಿಗೆ ಗುರುತಾಗಿದ್ದಿತು. ಈಗ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಕಬ್ಬಿನ ಜಿಲ್ಲೆಗಳಲ್ಲಿ ಆ ಕೆಲಸವನ್ನು ಟ್ರಾಕ್ಟರು ಮತ್ತು ಟ್ರೈಲರುಗಳು ವಹಿಸಿಕೊಂಡಿವೆ. ಗಾಡಿ ದೊಡ್ಡದಾಯಿತು, ಹೊರೆ ಹೆಚ್ಚಿತು, ವೇಗವೂ ಹೆಚ್ಚಿತು. ಆದರೆ ಅನೇಕ ಟ್ರೈಲರುಗಳ ಹಿಂದೆ ಲಾಂದ್ರದಷ್ಟು ಬೆಳಕೂ ಇರುವುದಿಲ್ಲ. ಕಬ್ಬಿನ ಹೊರೆಯ ಟ್ರೈಲರು ಕತ್ತಲೆಯಲ್ಲಿ ರಸ್ತೆಯ ಅಂಚಿಗೆ ನಿಂತಿದ್ದರೆ, ಹಿಂದಿನಿಂದ ಬರುವ ಮೋಟಾರು ಬೈಸಿಕಲ್ಲಿನವನಿಗೆ ಅದು ಕಾಣುವುದು ತೀರ ಹತ್ತಿರಕ್ಕೆ ಬಂದಮೇಲೆಯೇ.

ದೀಪಗಳು ಇಲ್ಲದಿರುವುದಕ್ಕೆ ಯಜಮಾನನ ಅಲಕ್ಷ್ಯವೇ ಯಾವಾಗಲೂ ಕಾರಣವಲ್ಲ. ಹಣ ಕೊಟ್ಟು ದೀಪಗಳನ್ನು ಹಾಕಿಸಿದವರಲ್ಲಿಯೂ ಅನೇಕರ ದೀಪಗಳು ಕೆಲವು ತಿಂಗಳುಗಳಲ್ಲಿಯೇ ಮಂಕಾಗಿ, ಬಳಿಕ ಆರಿಹೋಗುವುವು. ದೀಪವನ್ನು ಬದಲಾಯಿಸಿದರೂ ಫಲ ಕಾಣುವುದಿಲ್ಲ. ಇಂತಹ ಸಂದರ್ಭಗಳಲ್ಲಿ ದೋಷವು ಸಾಮಾನ್ಯವಾಗಿ ದೀಪದಲ್ಲಿರದೆ ತಂತಿಯಲ್ಲಿರುವುದು. ತಂತಿಯನ್ನು ಬೆಲೆ ನೋಡಿ ಕೊಳ್ಳದೆ, ಅದು ಹೊರಬೇಕಾದ ಪ್ರವಾಹ, ಸಾಗಬೇಕಾದ ದೂರ, ಇರಬೇಕಾದ ಸ್ಥಳ, ಈ ಮೂರನ್ನೂ ವಿಚಾರಿಸಿ ಕೊಳ್ಳತಕ್ಕದ್ದು.

ತಂತಿಯೂ ಕಾಲುವೆಯೂ

ಈ ವಿಷಯವು ನೀರಾವರಿಯನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವುದು. ಕಾಲುವೆಯು ಕಿರಿದಾಗಿಯೂ ಉದ್ದವಾಗಿಯೂ ಇದ್ದರೆ ಕಡೆಯ ಗದ್ದೆಗೆ ನೀರು ತಲಪುವುದಿಲ್ಲ. ತೂಬಿನ ಬಳಿ ಎಷ್ಟು ನೀರಿದ್ದರೂ ಕಡೆಯವನಿಗೆ ಪ್ರಯೋಜನವಿಲ್ಲ. ಬ್ಯಾಟರಿಯು ಕೆರೆಯಂತೆ, ವೋಲ್ಟ್ ಎಂಬುದು ನೀರಿನ ಎತ್ತರದಂತೆ, ಆಂಪಿಯರ್ ಎಂಬುದು ಹರಿಯುವ ನೀರಿನ ಪ್ರಮಾಣದಂತೆ. ಮನೆಯ ವಿದ್ಯುತ್ತಿನಲ್ಲಿ ಎತ್ತರವು 230 ವೋಲ್ಟ್. ಟ್ರಾಕ್ಟರಿನಲ್ಲಿ ಅದು ಕೇವಲ 12. ಆದುದರಿಂದ ಮನೆಯ ತಂತಿಯಲ್ಲಿ ಒಂದು ವೋಲ್ಟ್ ನಷ್ಟವಾದರೆ ಯಾರ ಗಮನಕ್ಕೂ ಬಾರದು. ಟ್ರಾಕ್ಟರಿನಲ್ಲಿ ಅದೇ ಒಂದು ವೋಲ್ಟ್ ಹನ್ನೆರಡರಲ್ಲಿ ಒಂದು ಪಾಲಾಗುವುದು. ಮನೆಯಲ್ಲಿ ಒಂದು ದೀಪಕ್ಕೆ ಸಾಕಾದ ತಂತಿ ಟ್ರಾಕ್ಟರಿಗೂ ಸಾಕೆಂದು ಎಣಿಸುವುದೇ ಮೊದಲನೆಯ ತಪ್ಪು.

ಪ್ರವಾಹದ ಲೆಕ್ಕ

ದೀಪದ ಮೇಲೆ ಬರೆದಿರುವ ವ್ಯಾಟನ್ನು 12ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರು ದೊರೆಯುವುದು. ತಂತಿ ಸುರುಳಿಯ ಸಾಧಾರಣ ಬಲ್ಬುಗಳಲ್ಲಿ ಮುಂದಿನ ದೊಡ್ಡ ದೀಪವು ಸುಮಾರು 55 ವ್ಯಾಟ್, ಎಂದರೆ 4.6 ಆಂಪಿಯರ್. ಹಿಂದಿನ ಕೆಂಪು ದೀಪವು 5 ವ್ಯಾಟ್. ಬ್ರೇಕ್ ದೀಪವೂ ಇಂಡಿಕೇಟರ್ ದೀಪವೂ ತಲಾ 21 ವ್ಯಾಟ್. ಟ್ರೈಲರಿನ ಎರಡು ಬ್ರೇಕ್ ದೀಪಗಳೂ ಸೇರಿ 42 ವ್ಯಾಟ್, ಎಂದರೆ 3.5 ಆಂಪಿಯರ್.

ದೂರದ ಲೆಕ್ಕ

ವಿದ್ಯುತ್ತು ದೀಪಕ್ಕೆ ಹೋದರೆ ಸಾಲದು. ಬ್ಯಾಟರಿಗೆ ಹಿಂದಿರುಗಲೂ ಬೇಕು. ಆದುದರಿಂದ ದೂರವನ್ನು ಎರಡರಷ್ಟು ಮಾಡಿ ಲೆಕ್ಕ ಹಾಕಬೇಕು. ಹೋಗಿಬರುವ ಮೀಟರುಗಳನ್ನು ಆಂಪಿಯರಿನಿಂದ ಗುಣಿಸಿ, ಅದನ್ನು 0.0172ರಿಂದ ಗುಣಿಸಿ, ತಂತಿಯ ತಾಮ್ರದ ಚದರ ಮಿಲಿಮೀಟರಿನಿಂದ ಭಾಗಿಸಿದರೆ ದಾರಿಯಲ್ಲಿ ನಷ್ಟವಾಗುವ ವೋಲ್ಟ್ ತಿಳಿಯುವುದು.

ಬ್ಯಾಟರಿಯಿಂದ ಟ್ರೈಲರಿನ ತುದಿಗೆ ತಂತಿಯ ಹಾದಿ 10 ಮೀಟರ್ ಎಂದಿಟ್ಟುಕೊಂಡರೆ, ಮೇಲೆ ಹೇಳಿದ ಎರಡು ಬ್ರೇಕ್ ದೀಪಗಳಿಗೆ ಆಗುವ ನಷ್ಟವು ಹೀಗಿರುವುದು:

ಅರ್ಧ ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು 2.4 ವೋಲ್ಟ್;
1 ಚದರ ಮಿಲಿಮೀಟರಿನಲ್ಲಿ 1.2 ವೋಲ್ಟ್;
1.5 ಚದರ ಮಿಲಿಮೀಟರಿನಲ್ಲಿ 0.8 ವೋಲ್ಟ್;
2.5 ಚದರ ಮಿಲಿಮೀಟರಿನಲ್ಲಿ 0.5 ವೋಲ್ಟಿಗೂ ತುಸು ಕಡಿಮೆ.

ಬಲ್ಬಿನ ಬೆಳಕು ವೋಲ್ಟಿಗಿಂತ ಬಹು ಶೀಘ್ರವಾಗಿ ಕುಗ್ಗುವುದು. ವೋಲ್ಟ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಕಾಲುಭಾಗಕ್ಕಿಂತ ಹೆಚ್ಚು ನಷ್ಟವಾಗುವುದು. ಅರ್ಧ ಚದರ ಮಿಲಿಮೀಟರಿನ ತೆಳುತಂತಿ ಹಾಕಿದ ಟ್ರೈಲರಿನ ಬ್ರೇಕ್ ದೀಪವು ಸುಮಾರು ಅರ್ಧ ಬೆಳಕನ್ನು ಮಾತ್ರ ಕೊಡುವುದಕ್ಕೆ ಇದೇ ಕಾರಣ. ಅಂಗಡಿಯಲ್ಲಿ ಉಳಿಸಿದ ಅಲ್ಪ ಹಣಕ್ಕೆ ರಸ್ತೆಯಲ್ಲಿ ತೆರುವ ಬೆಲೆಯಿದು.

ಹಿಂದಿರುಗುವ ದಾರಿ

ಗದ್ದೆಗೆ ಕಾಲುವೆಯಂತೆ ಬಸಿಗಾಲುವೆಯೂ ಬೇಕು. ಅನೇಕ ಟ್ರೈಲರುಗಳಲ್ಲಿ ಹಿಂದಿರುಗುವ ತಂತಿಯನ್ನೇ ಹಾಕದೆ, ಎಳೆಯುವ ಕೊಂಡಿಯ ಕಬ್ಬಿಣವನ್ನೇ ಅದಕ್ಕೆ ನಂಬಿರುತ್ತಾರೆ. ಕೊಂಡಿಯಲ್ಲಿ ಮಣ್ಣು, ಜಿಡ್ಡು, ತುಕ್ಕು ಸೇರಿರುವುದು. ಟ್ರೈಲರು ಕುಲುಕಿದಾಗಲೆಲ್ಲಾ ಸಂಪರ್ಕ ತಪ್ಪುವುದು. ಇಂಡಿಕೇಟರನ್ನು ಹಾಕಿದಾಗ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣುಕಿದರೆ, ಅಥವಾ ಬ್ರೇಕ್ ಒತ್ತಿದಾಗ ಎಲ್ಲಾ ದೀಪಗಳೂ ಮಂಕಾದರೆ, ಈ ದೋಷವನ್ನೇ ಮೊದಲು ಶಂಕಿಸಬೇಕು.

ಟ್ರಾಕ್ಟರಿನಿಂದ ಟ್ರೈಲರಿಗೆ ಪ್ರತ್ಯೇಕವಾಗಿ ಒಂದು ಅರ್ತ್ ತಂತಿಯನ್ನು ಎಳೆಯಿಸುವುದು ಅವಶ್ಯಕ. ಎಲ್ಲಾ ದೀಪಗಳ ಪ್ರವಾಹವೂ ಈ ಒಂದೇ ತಂತಿಯ ಮೂಲಕ ಹಿಂದಿರುಗಬೇಕಾದುದರಿಂದ ಇದು ಉಳಿದವುಗಳಿಗಿಂತ ದಪ್ಪವಾಗಿರಬೇಕು. ಹತ್ತು ಮೀಟರಿನ ಹಾದಿಗೆ ಬ್ರೇಕ್ ದೀಪಗಳ ತಂತಿಯು 2.5 ಚದರ ಮಿಲಿಮೀಟರ್, ಅರ್ತ್ ತಂತಿಯು 4 ಚದರ ಮಿಲಿಮೀಟರ್, ಉಳಿದುವು 1.5 ಚದರ ಮಿಲಿಮೀಟರ್ ಇದ್ದರೆ ಸಾಕಾಗುವುದು.

ಸ್ಥಳಕ್ಕೆ ತಕ್ಕ ತಂತಿ

ಟ್ರಾಕ್ಟರು ಸದಾ ನಡುಗುವ ಯಂತ್ರ. ಒಂಟಿ ಗಟ್ಟಿ ಎಳೆಯ ತಂತಿಯು ನಡುಕಕ್ಕೆ ಒಳಗಾಗಿ ಮುರಿಯುವುದು. ಅನೇಕ ಸಣ್ಣ ಎಳೆಗಳುಳ್ಳ, ವಾಹನಕ್ಕೆಂದೇ ತಯಾರಿಸಿದ ತಂತಿಯನ್ನೇ ಉಪಯೋಗಿಸಬೇಕು. ಅದರ ಹೊದಿಕೆಯು ಎಣ್ಣೆಯನ್ನೂ ಎಂಜಿನ್ನಿನ ಶಾಖವನ್ನೂ ತಡೆಯತಕ್ಕದ್ದಾಗಿರಬೇಕು.

ಹೊದಿಕೆಯ ದಪ್ಪವನ್ನು ನೋಡಿ ಮೋಸಹೋಗಕೂಡದು. ತುದಿಯನ್ನು ಸುಲಿಸಿ ಎಳೆಗಳನ್ನು ಎಣಿಸಬಹುದು: 0.25 ಮಿಲಿಮೀಟರ್ ವ್ಯಾಸದ 30 ಎಳೆಗಳಿದ್ದರೆ ಸುಮಾರು 1.5 ಚದರ ಮಿಲಿಮೀಟರ್. 50 ಎಳೆಗಳಿದ್ದರೆ ಸುಮಾರು 2.5. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬಿಳುಪು ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ ಆಗಿರಬಹುದು. ಅಂತಹುದನ್ನು ಬಿಡುವುದೇ ಮೇಲು. ತವರದ ಲೇಪವಿರುವ ತಾಮ್ರದ ಎಳೆಯಾದರೋ ಹೊರಗೆ ಬಿಳುಪು, ಒಳಗೆ ಕೆಂಪು. ಇದು ತೇವದ ಸ್ಥಳಗಳಿಗೆ ಉತ್ತಮವಾದುದು.

ಎರಡು ತುದಿಗಳನ್ನು ಬರಿದೇ ಹೊಸೆದು ಟೇಪು ಸುತ್ತಿದ ಗಂಟಿನೊಳಗೆ ಮಳೆನೀರು ಇಳಿದು ಹಸಿರು ಕಿಲುಬು ಹಿಡಿಯುವುದು. ತಕ್ಕ ಅಳತೆಯ ಲಗ್ಗುಗಳನ್ನು ಒತ್ತುಯಂತ್ರದಿಂದ ಬಿಗಿಸಿ, ನೀರು ಸೇರದಂತೆ ಮುಚ್ಚಬೇಕು. ತಂತಿಗಳನ್ನು ಕೊಳವೆಯೊಳಗೆ ಹಾಯಿಸಿ, ತಗಡಿನ ಅಂಚು, ಸೈಲೆನ್ಸರು, ತಿರುಗುವ ಭಾಗಗಳು ಇವುಗಳಿಂದ ದೂರವಾಗಿ ಕಟ್ಟಿಸಬೇಕು. ಕೊಂಡಿಯ ಬಳಿ ತಿರುವಿನಲ್ಲಿ ಎಳೆತ ಬೀಳದಷ್ಟು ಸಡಿಲ ಬಿಡಬೇಕು. ಆದರೆ ನೆಲಕ್ಕೆ ಜೋತುಬೀಳುವಷ್ಟು ಬಿಡಕೂಡದು.

ಫ್ಯೂಸು ತಂತಿಯ ಕಾವಲುಗಾರ

ಫ್ಯೂಸು ದೀಪವನ್ನು ಕಾಯುವುದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಾಯುವುದು ತಂತಿಯನ್ನು. ಹೊದಿಕೆ ಸವೆದು ತಾಮ್ರವು ಕಬ್ಬಿಣಕ್ಕೆ ತಗಲಿದರೆ ಬ್ಯಾಟರಿಯ ಶಕ್ತಿಯೆಲ್ಲಾ ಒಮ್ಮೆಗೇ ಆ ದಾರಿಯಲ್ಲಿ ನುಗ್ಗುವುದು. ಫ್ಯೂಸು ಇಲ್ಲದಿದ್ದರೆ ತಂತಿಯೇ ಕೆಂಪಗೆ ಕಾಯುವುದು. ಟ್ರೈಲರಿನಲ್ಲಿ ಭತ್ತದ ಹುಲ್ಲೋ ಒಣಗಿದ ಕಬ್ಬಿನ ತರಗೋ ಇದ್ದರೆ ಮುಂದೇನಾಗುವುದೆಂದು ಹೇಳಬೇಕಾದುದಿಲ್ಲ.

1.5 ಚದರ ಮಿಲಿಮೀಟರಿನ ತಂತಿಗೆ 10 ಆಂಪಿಯರ್, 2.5ಕ್ಕೆ 15 ಆಂಪಿಯರ್, 4ಕ್ಕೆ 20 ಆಂಪಿಯರ್ ಇವುಗಳಿಗೆ ಮೀರದ ಫ್ಯೂಸನ್ನು ಹಾಕಿದರೆ ಅಪಾಯವಿಲ್ಲ. ಒಂದೇ ಫ್ಯೂಸಿನಿಂದ ಹಲವು ತಂತಿಗಳು ಕವಲೊಡೆದಿದ್ದರೆ, ಅವುಗಳಲ್ಲಿ ಅತ್ಯಂತ ಸಣ್ಣದಕ್ಕೆ ತಕ್ಕ ಫ್ಯೂಸನ್ನೇ ಹಾಕಬೇಕು. ಬ್ಲೇಡ್ ಫ್ಯೂಸುಗಳಲ್ಲಿ 10 ಕೆಂಪು, 15 ನೀಲಿ, 20 ಹಳದಿ ಬಣ್ಣದವು. ಅದನ್ನು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಇರಿಸತಕ್ಕದ್ದು. ಅದಕ್ಕೂ ಬ್ಯಾಟರಿಗೂ ನಡುವಣ ತಂತಿಗೆ ಕಾವಲಿಲ್ಲ. ಫ್ಯೂಸು ಸುಟ್ಟಾಗ ಸಿಗರೇಟಿನ ಬೆಳ್ಳಿಕಾಗದವನ್ನು ಸುತ್ತುವುದು, ತಾಮ್ರದ ಎಳೆಯನ್ನು ಕಟ್ಟುವುದು ಇವು ಕಾವಲುಗಾರನನ್ನು ಓಡಿಸಿ ಬಾಗಿಲು ತೆರೆದಿಟ್ಟಂತೆ. ಎರಡು ಸಲ ಸುಟ್ಟರೆ ದೋಷವನ್ನು ಹುಡುಕಿಸಬೇಕೇ ಹೊರತು ದೊಡ್ಡ ಫ್ಯೂಸನ್ನು ಹಾಕಿಸಬಾರದು.

ಸ್ಟಾರ್ಟರಿನ ತಂತಿ

ಎಂಜಿನ್ನನ್ನು ತಿರುಗಿಸುವ ಮೋಟಾರಿನ ಮಾತು ಬೇರೆ. ಎರಡು ಕಿಲೋವ್ಯಾಟಿನ ಮೋಟಾರು ಸುಮಾರು 170 ಆಂಪಿಯರ್ ಎಳೆಯುವುದು. ಮೊದಲ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಕಾರ್ಖಾನೆಯವರು ಹಾಕಿದ ತಂತಿ ಕೆಟ್ಟಾಗ ಅಷ್ಟೇ ದಪ್ಪದ ತಂತಿಯನ್ನೇ ಹಾಕಿಸಬೇಕು; ಅಳತೆ ತಿಳಿಯದಿದ್ದರೆ 35 ಚದರ ಮಿಲಿಮೀಟರಿಗೆ ಕಡಿಮೆ ಮಾಡಕೂಡದು. ಬೆಳಗಿನ ಚಳಿಯಲ್ಲಿ ಟ್ರಾಕ್ಟರು ಹೊರಡದಿದ್ದರೆ ಹೊಸ ಬ್ಯಾಟರಿಗೆ ಹಣ ತೆರುವ ಮುನ್ನ ಈ ತಂತಿಯನ್ನೂ, ಅದರ ಎರಡು ತುದಿಗಳನ್ನೂ ಪರೀಕ್ಷಿಸುವುದು ವಿವೇಕ.

ಪರೀಕ್ಷೆ

ಮಲ್ಟಿಮೀಟರಿನಿಂದ ದೀಪಗಳು ಉರಿಯುತ್ತಿರುವಾಗಲೇ ಬ್ಯಾಟರಿಯ ಬಳಿ ಒಮ್ಮೆ, ದೀಪದ ಎರಡು ತುದಿಗಳಲ್ಲಿ ಒಮ್ಮೆ ಅಳೆಯಿಸಬೇಕು. ವ್ಯತ್ಯಾಸವು ಅರ್ಧ ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ. ಒಂದು ವೋಲ್ಟಿಗೆ ಮೀರಿದ್ದರೆ ತಂತಿಯೋ ಗಂಟೋ ಕೆಟ್ಟಿದೆ. ದೀಪ ಆರಿದ್ದಾಗ ಅಳೆದ ಲೆಕ್ಕವು ನಂಬತಕ್ಕದ್ದಲ್ಲ. ಹರಿಯದ ನೀರಿಗೆ ಕಾಲುವೆಯ ಕಿರಿದು ತಿಳಿಯದು.

ಎಲ್‌ಇಡಿ ದೀಪಗಳು ಕಡಿಮೆ ಪ್ರವಾಹದಲ್ಲಿ ಉರಿಯುವುದರಿಂದ ವೋಲ್ಟಿನ ನಷ್ಟವೂ ಕಡಿಮೆ. ಆದರೂ ಎಳೆತ ಮತ್ತು ನಡುಕಗಳನ್ನು ತಾಳಲು ಟ್ರೈಲರಿನಲ್ಲಿ 1 ಚದರ ಮಿಲಿಮೀಟರಿಗೆ ಕಡಿಮೆಯ ತಂತಿ ಬೇಡ.

1988ರ ಮೋಟಾರು ವಾಹನಗಳ ಕಾಯಿದೆಯೂ 1989ರ ಕೇಂದ್ರ ನಿಯಮಗಳೂ ವಾಹನಗಳ ದೀಪಗಳನ್ನೂ ಪ್ರತಿಫಲಕಗಳನ್ನೂ ಕುರಿತು ವಿಧಿಗಳನ್ನು ಮಾಡಿವೆ. ಕಾಯಿದೆಗೆ ಹೆದರಿ ಹಾಕಿಸಿದ ದೀಪವು ತನಿಖೆಯ ದಿನ ಮಾತ್ರ ಉರಿದರೆ ಸಾಲದು. ಪ್ರತಿ ರಾತ್ರಿಯೂ ಉರಿಯಬೇಕು. ಕಬ್ಬು ಅರೆಯುವ ಕಾಲ ಆರಂಭವಾಗುವ ಮುನ್ನ ಒಂದು ಸಂಜೆ, ಗ್ರಾಮದ ಯಜಮಾನರು ಊರಿನ ಟ್ರಾಕ್ಟರು ಟ್ರೈಲರುಗಳನ್ನೆಲ್ಲಾ ಒಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬ ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಸಿ, ಒಂದೊಂದನ್ನೂ ಕತ್ತಲೆಯಲ್ಲಿ ಹಿಂದಿನಿಂದ ನಿಂತು ನೋಡಿದರೆ ಯಾವುದು ಮಂಕೆಂಬುದು ತಾನಾಗಿಯೇ ತಿಳಿಯುವುದು. ಒಂದು ಟ್ರೈಲರಿಗೆ ಬೇಕಾಗುವುದು ಕೆಲವು ಮಾರು ತಂತಿ, ಹಿಡಿಯಷ್ಟು ಲಗ್ಗುಗಳು, ಒಂದೆರಡು ಫ್ಯೂಸುಗಳು. ಅವುಗಳಿಂದ ಉಳಿಯುವುದು ರಸ್ತೆಯಲ್ಲಿ ಹಿಂದೆ ಬರುವ ಯಾರದೋ ಪ್ರಾಣ. ಅವನು ಅದೇ ಊರಿನವನೂ ಆಗಿರಬಹುದು.